ಬೇಡ ಅಂದಿದ್ದರು, ಯಾರಿಗೂ ತಿಳಿದಿರಲಿಲ್ಲ: ಮೆಲ್ಬರ್ನ್‌ನ ಒಬ್ಬ ಗ್ರೀಕ್ ಅಜ್ಜಿಯ ಪ್ರಕರಣ

ಇದು ಒಬ್ಬ ಅಜ್ಜಿಯ ಪ್ರಕರಣ. 1935ರಲ್ಲಿ ಗ್ರೀಸ್‌ನ ಸೀರೋಸ್ ದ್ವೀಪದಲ್ಲಿ ಹುಟ್ಟಿದವರು. 1961ರಲ್ಲಿ ಮದುವೆಗೆ ಅಂತ ಹಡಗು ಹತ್ತಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಬಂದರು. ಶರ್ಟ್ ಹೊಲಿಯುವ ಕಾರ್ಖಾನೆಯಲ್ಲಿ ದುಡಿದರು, ಇಬ್ಬರು ಮಕ್ಕಳನ್ನು ಸಾಕಿದರು, ಆಮೇಲೆ ಮೊಮ್ಮಕ್ಕಳನ್ನೂ ಅವರೇ ಸಾಕಿದರು. ಮರೆವಿನ ಕಾಯಿಲೆ ಜಾಸ್ತಿಯಾಗಿ 2019ರಲ್ಲಿ ಏಜ್ಡ್ ಕೇರ್ ಹೋಮ್, ಅಂದರೆ ಹಿರಿಯರ ಆರೈಕೆ ಮನೆ, ಸೇರಿದರು. ನಾನು ಅಲ್ಲಿ ನರ್ಸ್. ಹಾಸನದ ಕಡೆಯವಳು, ಮದುವೆಯಾದ ಮೇಲೆ ಇಲ್ಲಿಗೆ ಬಂದವಳು. ಅಜ್ಜಿಯ ಹೆಸರು, ನಮ್ಮ ಸಂಸ್ಥೆಯ ಹೆಸರು ಎರಡೂ ಇಲ್ಲಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯೋಕೆ ಮನೆಯವರ ಒಪ್ಪಿಗೆ ಇದೆ, ಮೊಮ್ಮಗಳು ಬರೆಯಲೇಬೇಕು ಅಂದಳು. ಗ್ರೀಕ್ ಮಕ್ಕಳು ಅಜ್ಜಿಗೆ ಯಾಯಾ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಬರೆಯುತ್ತೇನೆ.

2021ರ ಅಕ್ಟೋಬರ್ ಹೊತ್ತಿಗೆ ಯಾಯಾ ಫೈಲಿನಲ್ಲಿ ಅದೇ ದೂರುಗಳು ಮತ್ತೆ ಮತ್ತೆ ಬರುತ್ತಿದ್ದವು. ಬೆಳಿಗ್ಗೆ ಸ್ನಾನಕ್ಕೆ ಕರೆದರೆ ಹೊಡೆಯುತ್ತಾರೆ, ಚಿವುಟುತ್ತಾರೆ. ಊಟದ ತಟ್ಟೆ ತಳ್ಳುತ್ತಾರೆ, ತೂಕ ಇಳಿಯುತ್ತಿದೆ. ಬ್ರೆಡ್ ಎತ್ತಿಕೊಂಡು ಹೋಗಿ ದಿಂಬಿನ ಕವರ್ ಒಳಗೆ ಬಚ್ಚಿಡುತ್ತಾರೆ, ತೆಗೆದರೆ ಕೂಗಾಡುತ್ತಾರೆ. ಮಧ್ಯಾಹ್ನ ಮೂರು ಗಂಟೆ ಆಯಿತು ಅಂದರೆ ಕೈಚೀಲ ಹಿಡಿದು ಮುಂಬಾಗಿಲ ಹತ್ತಿರ ಹೋಗಿ ಬಡಿಯೋಕೆ ಶುರು ಮಾಡುತ್ತಾರೆ. ಇವನ್ನೆಲ್ಲ ಸೇರಿಸಿ 'ಆಕ್ರಮಣಕಾರಿ ವರ್ತನೆ' ಅಂತ ಒಂದು ತಲೆಬರಹ. ರಿಸ್ಪೆರಿಡೋನ್ ಅನ್ನೋ, ತಳಮಳ ತಗ್ಗಿಸುವ ಮನೋರೋಗದ ಮಾತ್ರೆ ಶುರುವಾಗಿತ್ತು. ಆಲ್ಜೈಮರ್ಸ್ ಇರುವವರಿಗೆ ಈ ಮಾತ್ರೆಯನ್ನು ಬೇರೆ ದಾರಿಗಳೆಲ್ಲ ಸೋತ ಮೇಲೆ, 12 ವಾರದ ಮಟ್ಟಿಗೆ ಕೊಡಬೇಕು ಅಂತ ಇಲ್ಲಿನ ನಿಯಮ. ವಯಸ್ಸಾದವರಲ್ಲಿ ಇದರಿಂದ ಪಾರ್ಶ್ವವಾಯು, ಬೀಳುವುದು ಎರಡರ ಅಪಾಯವೂ ಇದೆ. ಯಾಯಾ ಬೆಳಗಿನ ತಿಂಡಿ ಹೊತ್ತಿಗೂ ತೂಕಡಿಸುತ್ತಿದ್ದರು. ಒಮ್ಮೆ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಮೂಳೆ ಮುರಿಯಲಿಲ್ಲ, ಅಷ್ಟೇ ಪುಣ್ಯ.

ಇಲ್ಲಿ ಎರಡು ಹಿನ್ನೆಲೆ ಹೇಳಬೇಕು. ಒಂದು, ಭಾಷೆ. ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆಯಲ್ಲಿ, ದೊಡ್ಡವರಾದ ಮೇಲೆ ಕಲಿತ ಭಾಷೆ ಎಷ್ಟೋ ಜನರಲ್ಲಿ ಮೊದಲು ಕರಗುತ್ತದೆ, ಬಾಲ್ಯದ ಭಾಷೆ ಉಳಿಯುತ್ತದೆ. ಯಾಯಾ ಇಂಗ್ಲಿಷ್ ಕಲಿತದ್ದು 26 ದಾಟಿದ ಮೇಲೆ, ಅದೂ ಕಾರ್ಖಾನೆಯಲ್ಲಿ ಕಿವಿಗೆ ಬಿದ್ದಷ್ಟು. 2021ಕ್ಕೆ ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಎರಡನೆಯದು ಕೋವಿಡ್. ಮೆಲ್ಬರ್ನ್‌ನಲ್ಲಿ 2020 ಮತ್ತು 2021ರಲ್ಲಿ ಆರು ಲಾಕ್‌ಡೌನ್ ಆದವು, ಒಟ್ಟು 262 ದಿನ. ಮಗಳು ದಿನಾ ಕೆಲಸ ಮುಗಿಸಿ ಬಂದು ಕೂತು, ಅಮ್ಮ ಹೇಳಿದ್ದನ್ನು ನಮಗೆ, ನಾವು ಹೇಳಿದ್ದನ್ನು ಅಮ್ಮನಿಗೆ ದಾಟಿಸುತ್ತಿದ್ದರು. ಅದು ನಿಂತೇ ಹೋಯಿತು. ಫೋನಿನಲ್ಲಿ ದುಭಾಷಿ ಸಿಗುತ್ತಾರೆ, 131 450 ಅಂತ ಸರ್ಕಾರದ ಸಂಖ್ಯೆಯೇ ಇದೆ, ಒಳ್ಳೆಯ ಸೇವೆ. ಆದರೆ ಕಿವಿ ಮಂದವಾದ, ಮರೆವು ಬಂದ 86ರ ಹೆಂಗಸಿಗೆ ಸ್ಪೀಕರ್‌ನಿಂದ ಬರುವ ಅಪರಿಚಿತ ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುತ್ತಿರಲಿಲ್ಲ. ಕೋಣೆಯೆಲ್ಲ ಹುಡುಕುತ್ತಿದ್ದರು.

ಅದೇ ಸಮಯಕ್ಕೆ ಕಾನೂನೂ ಬದಲಾಗಿತ್ತು. ಏಜ್ಡ್ ಕೇರ್ ಬಗ್ಗೆ 2018ರಿಂದ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಅನ್ನೋ ಸರ್ಕಾರಿ ವಿಚಾರಣಾ ಆಯೋಗದ ಅಂತಿಮ ವರದಿ 2021ರ ಮಾರ್ಚ್‌ನಲ್ಲಿ ಹೊರಬಂತು. ಹಿರಿಯರನ್ನು ಮಾತ್ರೆ ಕೊಟ್ಟು ಸುಮ್ಮನಾಗಿಸುವುದನ್ನು ಅದು ಕಟುವಾಗಿ ಟೀಕಿಸಿತ್ತು. ಆ ವರ್ಷದ ಸೆಪ್ಟೆಂಬರ್‌ನಿಂದ, ಇಂಥ ಮಾತ್ರೆ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಒಂದು ವರ್ತನಾ ಯೋಜನೆ ಬರೆಯಬೇಕು, ಆ ವರ್ತನೆ ಯಾಕೆ ಬರುತ್ತಿದೆ ಅಂತ ಹುಡುಕಿದ್ದಕ್ಕೆ ದಾಖಲೆ ಇರಬೇಕು ಅಂತಾಯಿತು. ಯಾಯಾ ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಫೈಲಿನಲ್ಲಿ 'ಜೀವನ ಚರಿತ್ರೆ' ಅಂತ ಒಂದು ಪುಟ ಇತ್ತು. ಗ್ರೀಕ್, ವಿಧವೆ, ಇಬ್ಬರು ಮಕ್ಕಳು, ಅಡುಗೆ ಮತ್ತು ತೋಟ ಇಷ್ಟ. ಅಷ್ಟೇ. 86 ವರ್ಷಕ್ಕೆ ಒಂದೂವರೆ ಸಾಲು.

ಲಾಕ್‌ಡೌನ್ ತೆರೆದ ಮೇಲೆ, ನವೆಂಬರ್‌ನಲ್ಲಿ, ಮೊಮ್ಮಗಳನ್ನು ಬೆಳಗಿನ ಸ್ನಾನದ ಹೊತ್ತಿಗೇ ಬರಲು ಕೇಳಿಕೊಂಡೆ. ಆ ದಿನ ಇದ್ದ ಕೇರರ್, ಅಂದರೆ ಆರೈಕೆ ಮಾಡುವವಳು, ನೇಪಾಳದ ಹುಡುಗಿ, ತುಂಬಾ ಮೃದು, ಎಲ್ಲರಿಗೂ ಅಚ್ಚುಮೆಚ್ಚು. ಮಂಚದ ಪಕ್ಕ ಮಂಡಿಯೂರಿ, ನಕ್ಕು, ಸ್ನಾನ ಮಾಡೋಣವಾ ಅಂತ ನೀರು ಸುರಿಯುವ ಸನ್ನೆ ಮಾಡಿ ಕೇಳಿದಳು. ಯಾಯಾ ಹುಬ್ಬು ಏರಿಸಿ, ಗಲ್ಲ ಮೇಲಕ್ಕೆ ಎತ್ತಿದರು. ತಲೆ ಮೇಲಕ್ಕೆ ಹೋಗಿದ್ದು ನೋಡಿ ಹುಡುಗಿ ಒಪ್ಪಿಗೆ ಅಂದುಕೊಂಡು, ಸಂತೋಷದಿಂದ ನೈಟಿಯ ಗುಂಡಿಗೆ ಕೈ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಕೂಗಿಯೇಬಿಟ್ಟಳು. "ಅವರು ಬೇಡ ಅಂದರಲ್ಲ!"

ಗ್ರೀಸ್‌ನಲ್ಲಿ ಬೇಡ, ಇಲ್ಲ ಅನ್ನೋದಕ್ಕೆ ಸನ್ನೆಯೇ ಅದು. ಹುಬ್ಬು ಮೇಲೆ, ಗಲ್ಲ ಮೇಲೆ, ಒಮ್ಮೊಮ್ಮೆ ಜೊತೆಗೆ ನಾಲಿಗೆಯಿಂದ 'ಚ್' ಅಂತ ಸಣ್ಣ ಶಬ್ದ. ತಲೆ ಅಡ್ಡ ಆಡಿಸುವುದೇ ಇಲ್ಲ ಅಂತಲ್ಲ, ಆದರೆ ಹಳೆಯ ಕಾಲದವರಲ್ಲಿ ಇದೇ ಜಾಸ್ತಿ. ಆ 'ಚ್' ನನಗೆ ಹೊಸದೇನೂ ಆಗಿರಲಿಲ್ಲ. ನಮ್ಮೂರಲ್ಲೂ ಕಾಫಿ ಬೇಕಾ ಅಂದರೆ ಬಾಯಿ ಬಿಡದೆ 'ಚ್' ಅಂದು ಬೇಡ ಅನ್ನುತ್ತಾರಲ್ವಾ. ಆದರೆ ಬೆಳಗಿನ ಶಿಫ್ಟ್‌ನವರು ಯಾರೂ ಗ್ರೀಕರೂ ಅಲ್ಲ, ಹಾಸನದವರೂ ಅಲ್ಲ.

ಈಗ ಹಿಂದಿನ ಚಾರ್ಟ್‌ಗಳನ್ನು ಮತ್ತೆ ಓದಿ ನೋಡಿ. ಸ್ನಾನಕ್ಕೆ ತಲೆಯಾಡಿಸಿ ಒಪ್ಪಿದರು, ಬಟ್ಟೆ ತೆಗೆಯುವಾಗ ಇದ್ದಕ್ಕಿದ್ದಂತೆ ಹೊಡೆದರು. ನೋವಿದೆಯಾ ಅಂದಾಗ ತಲೆಯಾಡಿಸಿದರು. ಊಟ ಇನ್ನೊಂದಿಷ್ಟು ಬೇಕಾ ಅಂದಾಗ ತಲೆಯಾಡಿಸಿದರು, ಬಡಿಸಿದ ಮೇಲೆ ತಟ್ಟೆ ತಳ್ಳಿದರು. 86 ವರ್ಷದ ಹೆಂಗಸು, 1999ರಲ್ಲಿ ಗಂಡ ಸತ್ತ ದಿನದಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಹಾಕದವರು, ಬೇಡ ಅಂತ ಸ್ಪಷ್ಟವಾಗಿ ಹೇಳುತ್ತಾರೆ, ಹೇಳಿದ ಮರುಕ್ಷಣವೇ ಪರಿಚಯವಿಲ್ಲದವರು ಬಂದು ಮೈಮೇಲಿನ ಬಟ್ಟೆ ಬಿಚ್ಚುತ್ತಾರೆ. ಯಾರಾದರೂ ಹೊಡೆಯುತ್ತಾರೆ. ನಾನೂ ಹೊಡೆಯುತ್ತಿದ್ದೆ.

ಬೇಡ ಯಾಕೆ ಅನ್ನುತ್ತಿದ್ದರು ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೆ ಅವರ ಇಡೀ ಬದುಕು ಕೇಳಬೇಕಾಯಿತು. ಮಗಳು, ಮೊಮ್ಮಗಳು, ಸಿಡ್ನಿಯಿಂದ ಫೋನಿನಲ್ಲಿ ಮಗ, ಮೂವರೂ ಹೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ.

ಹಸಿವು, ಹಡಗು, ಹೊಲಿಗೆ

ಸೀರೋಸ್‌ನ ಎರ್ಮೂಪೋಲಿ ಬಂದರು ಪಟ್ಟಣ. ಹಡಗು ಕಟ್ಟುವ ಕಟ್ಟೆ, ಹತ್ತಿಯ ಗಿರಣಿಗಳು. ಯಾಯಾ ಅಮ್ಮ ಗಿರಣಿಯಲ್ಲಿ ಕೆಲಸಕ್ಕಿದ್ದರು. 1941ರಲ್ಲಿ ಜರ್ಮನಿ, ಇಟಲಿ, ಬಲ್ಗೇರಿಯಾ ಸೇರಿ ಗ್ರೀಸನ್ನು ಆಕ್ರಮಿಸಿಕೊಂಡವು, ಸೀರೋಸ್ ಇಟಲಿಯ ಕೈಗೆ ಹೋಯಿತು. ಬೆಳೆದದ್ದನ್ನು ಸೈನ್ಯ ಕಿತ್ತುಕೊಂಡಿತು. ಹೊರಗಿನಿಂದ ಧಾನ್ಯ ಬರದಂತೆ ಬ್ರಿಟನ್ ಸಮುದ್ರ ಕಟ್ಟಿಹಾಕಿತು. ಹೊರಗಿನ ಧಾನ್ಯ ನಂಬಿಕೊಂಡಿದ್ದ ದೊಡ್ಡ ಪಟ್ಟಣಗಳು, ಸಣ್ಣ ದ್ವೀಪಗಳು ಮೊದಲು ಹಸಿದವು. 1941-42ರ ಚಳಿಗಾಲದಲ್ಲಿ ಅಥೆನ್ಸ್ ಬೀದಿಯಲ್ಲಿ ಹೆಣ ಬಿದ್ದಿರುತ್ತಿದ್ದವು, ಸೀರೋಸ್‌ನಲ್ಲೂ ಜನ ಸಾಲುಸಾಲಾಗಿ ಸತ್ತರು. ದೇಶದಾದ್ಯಂತ ಸತ್ತವರು ಸುಮಾರು 3 ಲಕ್ಷ ಅಂತ ಅಂದಾಜು. 1942ರಲ್ಲಿ ಸ್ವೀಡನ್ನಿನ ಹಡಗುಗಳಲ್ಲಿ ಕೆನಡಾದ ಗೋಧಿ ಬರಲು ಶುರುವಾದ ಮೇಲೆ ಸ್ವಲ್ಪ ಉಸಿರು ಬಂತು. ನಮ್ಮಲ್ಲಿ ಬಂಗಾಳದ ಕ್ಷಾಮ ಇದರ ಮರುವರ್ಷ, 1943ರಲ್ಲಿ.

ಆಗ ಯಾಯಾಗೆ ಆರು ವರ್ಷ. ಒಬ್ಬ ತಮ್ಮ ಆ ಚಳಿಗಾಲ ದಾಟಲಿಲ್ಲ. ಮಗಳು ಇದನ್ನು ಹೇಳಿದ್ದು ತುಂಬಾ ತಡವಾಗಿ, ಬೇರೆ ಏನೋ ಮಾತಾಡುವಾಗ ನಡುವೆ. "ನಮ್ಮಮ್ಮ ಬ್ರೆಡ್ ಎಸೆದಿದ್ದನ್ನು ನಾನು ನೋಡೇ ಇಲ್ಲ. ನೆಲಕ್ಕೆ ಬಿದ್ದರೆ ಎತ್ತಿ, ಮುತ್ತಿಟ್ಟು, ಬದಿಗಿಡೋರು." ದಿಂಬಿನೊಳಗಿನ ಬ್ರೆಡ್ ಯಾಕೆ ಅಂತ ಅಲ್ಲಿಗೆ ಕೇಳೋದೇ ಉಳಿಯಲಿಲ್ಲ. ನಮ್ಮ ಕ್ಲೀನಿಂಗ್‌ನವರು ಪ್ರತಿದಿನ ಅವರ ಕಣ್ಣೆದುರೇ ಅದನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದರು. ಇರುವೆ ಬರುತ್ತೆ, ಬೂಸ್ಟು ಹಿಡಿಯುತ್ತೆ, ಅವರದೂ ತಪ್ಪಲ್ಲ.

ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ 1946ರಿಂದ 49ರವರೆಗೆ ಅಂತರ್ಯುದ್ಧ. ಆಮೇಲೆ ಬಡತನ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಗ್ರೀಸ್‌ನಲ್ಲಿ ವರದಕ್ಷಿಣೆ ಇಲ್ಲದೆ ಮದುವೆ ಇಲ್ಲ. ಅಲ್ಲಿ ಕಾನೂನಿನಿಂದ ಅದನ್ನು ತೆಗೆದದ್ದೇ 1983ರಲ್ಲಿ. ಆಸ್ಟ್ರೇಲಿಯಾದಲ್ಲಿ ಆಗ ಕಾರ್ಖಾನೆಗೆ ಜನ ಬೇಕಿತ್ತು. 1952ರ ಒಪ್ಪಂದದ ಮೇಲೆ ಗ್ರೀಕ್ ಗಂಡಸರು ಸಾವಿರಾರು ಜನ ಹೋಗಿದ್ದರು, ಅವರಿಗೆ ಊರಿನ ಹುಡುಗಿಯರೇ ಬೇಕಿತ್ತು. 1957ರಲ್ಲಿ ಬೆಗೋನ್ಯಾ ಅನ್ನೋ ಹಡಗೊಂದರಲ್ಲೇ ಸುಮಾರು 900 ಯುವತಿಯರು ಮೆಲ್ಬರ್ನ್‌ಗೆ ಬಂದಿಳಿದಿದ್ದರು. ಯಾಯಾ ಮದುವೆ ಗೊತ್ತಾದದ್ದು ಒಂದು ಫೋಟೋ ನೋಡಿ. ಹುಡುಗ ಪಕ್ಕದ ದ್ವೀಪದವನು, ವರದಕ್ಷಿಣೆ ಬೇಡ ಅಂದಿದ್ದ. ಮೂವರಲ್ಲಿ ದೊಡ್ಡವರು ಇವರು. ತಾನು ಹೋದರೆ ತಂಗಿಯರ ವರದಕ್ಷಿಣೆಗೆ ಅಲ್ಲಿಂದ ದುಡ್ಡು ಕಳಿಸಬಹುದು ಅನ್ನೋದು ಲೆಕ್ಕ. ಕಳಿಸಿದರು ಕೂಡ, ಇಬ್ಬರಿಗೂ. ನಮ್ಮಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು ಅವರು ಹಡಗು ಹತ್ತಿದ ಅದೇ 1961ರಲ್ಲಿ.

ಪಿರೇಯಸ್ ಬಂದರಿನಿಂದ ಪಾತ್ರಿಸ್ ಹಡಗು, ಸೂಯೆಜ್ ಕಾಲುವೆ, ಏಡನ್, ಆಮೇಲೆ ಆಸ್ಟ್ರೇಲಿಯಾದ ಪಶ್ಚಿಮ ತೀರದ ಫ್ರೀಮ್ಯಾಂಟಲ್. ಮೂರು ವಾರಕ್ಕೂ ಹೆಚ್ಚಿನ ಪ್ರಯಾಣ. ಮೆಲ್ಬರ್ನ್‌ನ ಸ್ಟೇಷನ್ ಪಿಯರ್ ಹಡಗುಕಟ್ಟೆಯಲ್ಲಿ ಇಳಿದಾಗ ಕೈಯಲ್ಲಿ ಫೋಟೋ ಹಿಡಿದು ಗಂಡನಾಗುವವನನ್ನು ಗುಂಪಿನಲ್ಲಿ ಹುಡುಕಿದರಂತೆ. ಫೋಟೋಗಿಂತ ಕೂದಲು ಕಮ್ಮಿ ಇತ್ತು, ಆದರೆ ಕಣ್ಣು ಒಳ್ಳೆಯದಿತ್ತು ಅಂತ ಮೊಮ್ಮಗಳಿಗೆ ಹೇಳುತ್ತಿದ್ದರಂತೆ. ಆ ವಾರವೇ ಚರ್ಚ್‌ನಲ್ಲಿ ಮದುವೆ. ನನ್ನಂಥವಳಿಗೆ ಆ ವರ್ಷ ಈ ದೇಶದ ಬಾಗಿಲು ತೆರೆದೇ ಇರಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. ಬಿಳಿಯರಿಗೆ ಮಾತ್ರ ಅನ್ನೋ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಗ್ರೀಕರನ್ನು ಒಳಗೆ ಬಿಟ್ಟರು, ಆದರೆ ಬಸ್ಸಿನಲ್ಲಿ ಗ್ರೀಕ್ ಮಾತಾಡಿದರೆ ಇಂಗ್ಲಿಷ್ ಮಾತಾಡು ಅಂತ ಗದರುತ್ತಿದ್ದರು. ಯಾಯಾ ಬಸ್ಸಿನಲ್ಲಿ ಮಕ್ಕಳ ಜೊತೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು ಅಂತ ಮಗ ಹೇಳಿದರು.

ಮೆಲ್ಬರ್ನ್‌ನ ರಿಚ್ಮಂಡ್ ಬಡಾವಣೆಯಲ್ಲಿ ಒಂದು ಮನೆಗೆ ನಾಲ್ಕು ಸಂಸಾರ, ಸಂಸಾರಕ್ಕೊಂದು ಕೋಣೆ, ಎಲ್ಲರಿಗೂ ಒಂದೇ ಅಡುಗೆಮನೆ. ಗಂಡ ಬ್ರಾಡ್‌ಮೆಡೋಸ್‌ನ ಫೋರ್ಡ್ ಕಾರ್ಖಾನೆಯಲ್ಲಿ. ಇವರು ಶರ್ಟ್ ಕಾರ್ಖಾನೆಯಲ್ಲಿ ಕಾಲರ್ ಸಾಲಿಗೆ. ಆ ಕಾಲದಲ್ಲಿ ಹೆಂಗಸರ ಮೂಲವೇತನ ಗಂಡಸರದ ಮುಕ್ಕಾಲು ಪಾಲು. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನೋ ತೀರ್ಪು ಬಂದದ್ದು 1969ರಲ್ಲಿ, ಅದು ಹೆಂಗಸರೇ ತುಂಬಿದ್ದ ಕೆಲಸಗಳಿಗೂ ಹರಡಿದ್ದು 1972ರ ತೀರ್ಪಿನಿಂದ. ಮಕ್ಕಳಾದ ಮೇಲೆ ಕಾರ್ಖಾನೆ ಬಿಟ್ಟು ಮನೆಗೆ ಮಷಿನ್ ತಂದರು. ಪೀಸ್ ಲೆಕ್ಕದ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಕ್ಕಳು ಏಳುವ ಮುಂಚೆ ಒಂದು ಕಟ್ಟು ಮುಗಿಸುವುದು, ಮಕ್ಕಳು ಮಲಗಿದ ಮೇಲೆ ಇನ್ನೊಂದು. ಮಗಳಿಗೆ ಎಂಟು ವರ್ಷಕ್ಕೇ ಕಾಲರ್ ತಿರುಗಿಸಿ ಮೂಲೆ ಚುಚ್ಚೋಕೆ ಬರುತ್ತಿತ್ತು. 1975ರಲ್ಲಿ 3ಇಎ ರೇಡಿಯೋದಲ್ಲಿ ಗ್ರೀಕ್ ಕಾರ್ಯಕ್ರಮ ಬಂದ ಮೇಲೆ ಮಷಿನ್ ಪಕ್ಕ ರೇಡಿಯೋನೂ ಸೇರಿಕೊಂಡಿತು. ಅವರ ಅಮ್ಮ ಸೀರೋಸ್‌ನಲ್ಲಿ ತೀರಿಕೊಂಡದ್ದು ಇವರಿಗೆ ಟೆಲಿಗ್ರಾಂನಲ್ಲಿ ತಿಳಿಯಿತು. ಹೋಗೋಕೆ ಆಗಲಿಲ್ಲ. ಆ ದಿನವೂ ಹೊಲಿದರು, ಕಟ್ಟು ಒಯ್ಯುವ ವ್ಯಾನ್ ಮರುದಿನ ಬರುವುದಿತ್ತು.

1983ರ ಹೊತ್ತಿಗೆ ಬಲ ಭುಜ, ಮಣಿಕಟ್ಟು ಎರಡೂ ಹೋದವು. ಆ ವರ್ಷಗಳಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆ, ಆಫೀಸುಗಳಲ್ಲಿ ಒಂದೇ ಚಲನೆ ಮತ್ತೆ ಮತ್ತೆ ಮಾಡಿ ಕೈ ಹಾಳಾದವರ ಸಂಖ್ಯೆ ಏಕಾಏಕಿ ಏರಿತ್ತು, ಅವರಲ್ಲಿ ವಲಸೆ ಬಂದ ಹೆಂಗಸರು ಬಹಳ. ಕೆಲವು ಡಾಕ್ಟರುಗಳು, ವಿಮೆಯವರು ಇದನ್ನು ನಾಟಕ ಅನ್ನುತ್ತಿದ್ದರು. ಗ್ರೀಕ್, ಇಟಾಲಿಯನ್ನರ ಬೆನ್ನುನೋವಿಗೆ 'ಮೆಡಿಟರೇನಿಯನ್ ಬೆನ್ನು' ಅಂತ ಹೀಯಾಳಿಸುವ ಹೆಸರೇ ಇತ್ತು. ಯಾಯಾ ಪರಿಹಾರಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಆಮೇಲೆ ಅವರು ಬಟ್ಟೆ ಒಣಗಿಸುವ ತಂತಿಯನ್ನೇ ಕೆಳಕ್ಕೆ ಕಟ್ಟಿಸಿಕೊಂಡರು. ಕೈ ಭುಜದ ಮೇಲೆ ಏಳುತ್ತಿರಲಿಲ್ಲ.

ನೈಟಿ ತಲೆಯ ಮೇಲಿಂದ ತೆಗೆಯಬೇಕಾದರೆ ಕೈ ಎಲ್ಲಿಗೆ ಏಳಬೇಕು ಹೇಳಿ.

ಮಾತು ಹೇಳಲಾಗದವರ ನೋವು ಅಳೆಯಲು ನಮ್ಮಲ್ಲಿ ಅಬ್ಬಿ ಪೇಯ್ನ್ ಸ್ಕೇಲ್ ಅಂತಿದೆ, ಮುಖ, ದನಿ, ಮೈಯ ಚಲನೆ ನೋಡಿ ಅಂಕ ಹಾಕುವುದು. ಅದನ್ನು ಕುರ್ಚಿಯಲ್ಲಿ ಸುಮ್ನೆ ಕೂತಾಗ ಹಾಕಿದ್ದರು, ಅಂಕ ಕಮ್ಮಿ ಬಂದಿತ್ತು. ಬಟ್ಟೆ ಬದಲಿಸುವಾಗ, ಕೈ ಎತ್ತಿಸುವಾಗ ಹಾಕಿದೆವು, ಜಾಸ್ತಿ ಬಂತು. ಫಿಸಿಯೋ ನೋಡಿ ಭುಜ ಗಟ್ಟಿಯಾಗಿದೆ ಅಂದರು. ಡಾಕ್ಟರು ಪ್ಯಾರಾಸಿಟಮಾಲ್ ಅನ್ನು ಕೇಳಿದಾಗ ಕೊಡುವ ಬದಲು ದಿನಾ ಹೊತ್ತಿಗೆ ಸರಿಯಾಗಿ ಕೊಡುವಂತೆ ಬರೆದರು, ಬೆಳಗಿನದು ಸ್ನಾನಕ್ಕೆ ಮುಂಚೆ. ಮುಂದೆ ಗುಂಡಿ ಇರುವ ಬಟ್ಟೆ, ಎಡಗೈ ಮೊದಲು ತೆಗೆಯುವುದು, ಭುಜದ ಮೇಲೆ ಟವೆಲ್ ಇದ್ದಂತೆಯೇ ತೊಳೆಯುವುದು. ಗಲ್ಲ ಮೇಲೆ ಹೋದರೆ ಬಿಟ್ಟು ಬರುವುದು, ಅರ್ಧ ಗಂಟೆ ಕಳೆದು ಮತ್ತೆ ಕೇಳುವುದು. ಎರಡನೇ ಸಲವೂ ಬೇಡ ಅಂದರೆ ಅವತ್ತು ಮುಖ, ಕೈಕಾಲು ಒರೆಸಿದರೆ ಸಾಕು. ದಿನಾ ಸ್ನಾನ ಆಗಲೇಬೇಕು ಅನ್ನೋದು ನಮ್ಮ ವೇಳಾಪಟ್ಟಿಯ ಹಟ, ಅವರ ಆರೋಗ್ಯಕ್ಕೆ ಬೇಕಾದದ್ದೇನಲ್ಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಬೆಳಗಿನ ಹೊಡೆದಾಟ ಅಪರೂಪವಾಯಿತು.

ಒಂದು ಬೆಳಿಗ್ಗೆ ನಾನು ಮಾತ್ರೆ ಕೊಡೋಕೆ ಬಾಗಿದಾಗ ಯಾಯಾ ನನ್ನ ಯೂನಿಫಾರ್ಮ್‌ನ ಅಂಚು ಹಿಡಿದರು. ಒಳಗಡೆ ತಿರುಗಿಸಿದರು. ಹೆಬ್ಬೆರಳ ಉಗುರನ್ನು ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಹೋಗಿ, ದಾರ ಬಿಟ್ಟಿದ್ದ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ಎರಡು ಸಲ ತಟ್ಟಿ ನನ್ನ ಮುಖ ನೋಡಿದರು. ಮೇಲ್ವಿಚಾರಕಿಯ ನೋಟ ಅದು. ಊಟದ ಮೇಜಿನ ಬಟ್ಟೆಯನ್ನು ಎಳೆಯುತ್ತಾರೆ, ಮಡಚುತ್ತಾರೆ ಅಂತ ಚಾರ್ಟ್‌ನಲ್ಲಿ 'ಉದ್ದೇಶವಿಲ್ಲದ ಚಲನೆ' ಅಂತ ಬರೆದಿತ್ತು. ಅವರು ಅಂಚು ಪರೀಕ್ಷೆ ಮಾಡುತ್ತಿದ್ದರು. ಮಗಳು ಮನೆಯಿಂದ ಹಳೆಯ ಶರ್ಟ್‌ಗಳ ಕಾಲರ್ ಬಿಚ್ಚಿ ಒಂದು ಬುಟ್ಟಿ ತಂದಿಟ್ಟರು. ದಿನದ ಎಷ್ಟೋ ಹೊತ್ತು ಅದರಲ್ಲೇ ಹೋಗುತ್ತಿತ್ತು.

ಬ್ರೆಡ್‌ಗೆ ಉಪಾಯ ಸುಲಭವಾಗಿ ಸಿಕ್ಕಿತು. ಗ್ರೀಕರಲ್ಲಿ ಪಾಕ್ಸಿಮಾದಿ ಅಂತಿದೆ, ಎರಡು ಸಲ ಬೇಯಿಸಿದ ಒಣ ರೊಟ್ಟಿ, ನಮ್ಮ ರಸ್ಕ್‌ಗಿಂತ ಗಟ್ಟಿ, ಸಿಹಿ ಇಲ್ಲ, ಬೂಸ್ಟು ಹಿಡಿಯೋದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಅದನ್ನು ತುಂಬಿ ಮಂಚದ ಪಕ್ಕದ ಡ್ರಾಯರ್‌ನಲ್ಲಿಟ್ಟೆವು. ಖಾಲಿ ಮಾಡುವಂತಿಲ್ಲ, ಮುಟ್ಟುವಂತಿಲ್ಲ, ಭಾನುವಾರ ಮಗಳು ಬಂದು ಹೊಸದು ಹಾಕುತ್ತಾರೆ. ಯಾಯಾ ದಿನಕ್ಕೆ ಎಷ್ಟೋ ಸಲ ಡ್ರಾಯರ್ ಎಳೆದು, ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚುತ್ತಿದ್ದರು. ತಿನ್ನುತ್ತಿದ್ದದ್ದು ಕಮ್ಮಿ. ದಿಂಬಿನೊಳಗಿನ ಬ್ರೆಡ್ ಪೂರ್ತಿ ನಿಲ್ಲಲಿಲ್ಲ, ಕಮ್ಮಿಯಾಯಿತು. ಇದ್ದದ್ದನ್ನು ಅವರು ಊಟಕ್ಕೆ ಹೋದಾಗ ತೆಗೆಯುವುದು ಅಂತ ಮಾಡಿಕೊಂಡೆವು.

ಶುಕ್ರವಾರ, ಮೂರು ಗಂಟೆ

ಊಟದ ವಿಷಯ ಮಾತ್ರ ಯಾರ ಕಣ್ಣಿಗೂ ಬೇಗ ಬೀಳಲಿಲ್ಲ. ತಟ್ಟೆ ತಳ್ಳಿದ್ದು ಯಾವ ಯಾವ ದಿನ ಅಂತ ಕ್ಯಾಲೆಂಡರ್ ಮೇಲೆ ಗುರುತು ಹಾಕಿದಾಗ ಬುಧವಾರ, ಶುಕ್ರವಾರ ಜಾಸ್ತಿ. ಶುಕ್ರವಾರ ನಮ್ಮ ಅಡುಗೆಮನೆಯಲ್ಲಿ ಮೀನು. ಕ್ರಿಶ್ಚಿಯನ್ನರಲ್ವಾ, ಶುಕ್ರವಾರ ಮಾಂಸ ತಿನ್ನೋದಿಲ್ಲ, ಮೀನು ಕೊಟ್ಟರೆ ಸರಿ ಅಂತ ಅಡುಗೆಯವರ ಲೆಕ್ಕ. ಅದು ಕ್ಯಾಥೊಲಿಕ್ ಪದ್ಧತಿ. ಯಾಯಾ ಗ್ರೀಕ್ ಆರ್ಥೊಡಾಕ್ಸ್ ಚರ್ಚ್‌ನವರು, ಅವರಲ್ಲಿ ಬುಧವಾರ, ಶುಕ್ರವಾರ ಉಪವಾಸ, ಅವತ್ತು ಮಾಂಸವೂ ಇಲ್ಲ, ಹಾಲು, ಬೆಣ್ಣೆ, ಮೊಟ್ಟೆ ಇಲ್ಲ, ಮೀನೂ ಇಲ್ಲ. ಸೀಗಡಿ, ಆಕ್ಟೋಪಸ್ ಆಗಬಹುದು. ದಿನ ಯಾವುದು ಅಂತ ಮರೆತ ಯಾಯಾಗೆ ಶುಕ್ರವಾರ ಹೇಗೆ ತಿಳಿಯುತ್ತಿತ್ತು ಅಂತ ಮೊದಲು ನನಗೂ ಅರ್ಥವಾಗಲಿಲ್ಲ. ಕೋಣೆಯಲ್ಲಿ ಚರ್ಚ್‌ನ ಕ್ಯಾಲೆಂಡರ್ ಇತ್ತು, ದಿನಕ್ಕೊಂದು ಹಾಳೆ ಹರಿಯುವಂಥದ್ದು. ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ ಅದು, ಕೈಗೆ ಅಭ್ಯಾಸವಾಗಿತ್ತು. ಗ್ರೀಕ್ ಓದಲು ಇನ್ನೂ ಬರುತ್ತಿತ್ತು.

ಬುಧವಾರ, ಶುಕ್ರವಾರ ಅವರಿಗೆ ಮಸೂರ ಬೇಳೆ ಸಾರು ಅಥವಾ ಬಿಳಿ ಹುರುಳಿಕಾಯಿ ಬೀಜದ ಸಾರು ಕೊಡುವುದು ಅಂತಾಯಿತು. ಬೇಳೆ ಬೇಯಿಸೋದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯ ಒಗ್ಗರಣೆ ಒಂದನ್ನು ಬಿಟ್ಟು ಈರುಳ್ಳಿ, ಟೊಮ್ಯಾಟೊ, ಬೇ ಎಲೆ ಹಾಕಿದರೆ ಅವರದಕ್ಕೆ ಹತ್ತಿರ ಬಂತು. ಅಡುಗೆಯವರಿಗೆ ನಾನೇ ಬರೆದುಕೊಟ್ಟೆ. ತೊಂದರೆ ಬಂದದ್ದು 2022ರ ಮಾರ್ಚ್ 7ಕ್ಕೆ. ಅವತ್ತಿನಿಂದ ಈಸ್ಟರ್‌ವರೆಗೆ ದೊಡ್ಡ ಉಪವಾಸ, ಏಪ್ರಿಲ್ 24ಕ್ಕೆ ಹಬ್ಬ. ಏಳು ವಾರ ಹಾಲು, ಮೊಟ್ಟೆ ಇಲ್ಲ ಅಂದರೆ ತೂಕ ಇನ್ನೂ ಇಳಿಯುತ್ತದೆ ಅಂತ ಆಹಾರ ತಜ್ಞೆ ಒಪ್ಪಲಿಲ್ಲ, ಅವರು ಹೇಳಿದ್ದು ಸರಿಯೇ. ಮಗಳು ಚರ್ಚ್‌ನ ಪಾದ್ರಿಯನ್ನು ಕರೆಸಿದರು. ಕಾಯಿಲೆಯವರಿಗೆ ಉಪವಾಸದ ಕಟ್ಟು ಇಲ್ಲ ಅಂತ ಅವರ ಚರ್ಚೇ ಹೇಳುತ್ತದೆ. ಪಾದ್ರಿ ಕೈ ಹಿಡಿದು, ಗ್ರೀಕ್‌ನಲ್ಲಿ, ಹಾಲು ಕುಡಿ, ಮೊಟ್ಟೆ ತಿನ್ನು, ನಾನು ಹೇಳುತ್ತಿದ್ದೇನೆ ಅಂದರು. ಯಾಯಾ ಅವರ ಕೈಗೆ ಮುತ್ತಿಟ್ಟರು. ಮರುದಿನ ಮರೆತರು. ಮೊಮ್ಮಗಳು ಪಾದ್ರಿ ಹೇಳಿದ್ದನ್ನು ವಿಡಿಯೋ ಮಾಡಿಕೊಂಡಿದ್ದಳು, ಊಟಕ್ಕೆ ಮುಂಚೆ ಅದನ್ನು ತೋರಿಸುತ್ತಿದ್ದೆವು. ಮಾಂಸ ಕೊನೆಗೂ ಮುಟ್ಟಲಿಲ್ಲ, ಹಾಲು ಕುಡಿದರು.

ಮೂರು ಗಂಟೆಯ ಬಾಗಿಲಿನದು ಕಷ್ಟದ ಕತೆ. ಸಂಜೆ ಆಗುತ್ತಾ ಡಿಮೆನ್ಷಿಯಾ ಇರುವವರಲ್ಲಿ ತಳಮಳ ಏರುವುದು ಸಾಮಾನ್ಯ, ಹಾಗಾಗಿ ಇದನ್ನೂ ಅದೇ ಲೆಕ್ಕಕ್ಕೆ ಹಾಕಿದ್ದರು. ಮೊಮ್ಮಗಳು ಕೇಳಿದ ತಕ್ಷಣ ಹೇಳಿದಳು, ಇಲ್ಲಿ ಶಾಲೆ ಬಿಡೋದು ಮೂರೂವರೆಗೆ. ಮಗಳು ಬ್ಯಾಂಕ್ ಕೆಲಸಕ್ಕೆ ಹೋಗುತ್ತಿದ್ದರು. 1990ರ ದಶಕದ ಉದ್ದಕ್ಕೂ ಎರಡು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು, ಕರೆತಂದು, ಉಣಿಸಿ, ಅಮ್ಮ ಬರುವವರೆಗೆ ನೋಡಿಕೊಂಡವರು ಯಾಯಾ. ದಾರಿಯಲ್ಲಿ ರಸ್ತೆ ಬದಿಯ ಕಾಡು ಸೊಪ್ಪು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರಂತೆ, ಮೊಮ್ಮಗಳಿಗೆ ಗೆಳತಿಯರ ಎದುರು ನಾಚಿಕೆ. ತನ್ನ ಮಕ್ಕಳಿಗೆ ಕೊಡಲಾಗದ ಹೊತ್ತನ್ನೆಲ್ಲ ಮೊಮ್ಮಕ್ಕಳಿಗೆ ಕೊಟ್ಟರು. ಮಗ ಫೋನಿನಲ್ಲಿ ಇದನ್ನು ಹೇಳುವಾಗ ದನಿ ಬದಲಾಯಿತು. ಅವರಿಗೆ ಅಮ್ಮ ಅಂದರೆ ನೆನಪಿಗೆ ಬರೋದು ಮಷಿನ್‌ಗೆ ಮುಖ ಮಾಡಿದ ಬೆನ್ನು. ಬೇಸರ ಇತ್ತು, ಅಮ್ಮ ಯಾಕೆ ಹಾಗಿದ್ದರು ಅಂತ ತಿಳಿದೂ ಇತ್ತು.

ಮೊಮ್ಮಗಳಿಗೆ ಗ್ರೀಕ್ ಚೆನ್ನಾಗಿ ಬರುವುದೂ ಇದರಿಂದಲೇ. ಮಗನಿಗೆ ಅಷ್ಟು ಬರೋದಿಲ್ಲ, ಬಸ್ಸಿನ ಪಿಸುಮಾತಿನ ಕಾಲದವರು ಅವರು.

ಶಾಲೆಯ ಮಕ್ಕಳನ್ನು ಕರೆತರಲು ಹೊರಟ ಹೆಂಗಸಿಗೆ ಬಾಗಿಲು ಹಾಕಿದರೆ ಅವರು ಹುಚ್ಚರಂತೆ ಬಡಿಯದೆ ಇನ್ನೇನು ಮಾಡಬೇಕು? ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ ಅಂತ ನಿಜ ಹೇಳಿ ನೋಡಿದ್ದರು, ಆಗ ಇನ್ನೂ ಗಾಬರಿ. ಮೊಮ್ಮಗಳು ಮನೆಯಿಂದಲೇ ಕೆಲಸ ಮಾಡುವವಳು, ಮೂರೂಕಾಲು ಗಂಟೆಗೆ ವಿಡಿಯೋ ಕಾಲ್ ಮಾಡಿ, ಯಾಯಾ, ನಾನು ಮನೆಯಲ್ಲಿದ್ದೇನೆ, ಊಟ ಆಯಿತು, ತಮ್ಮನೂ ಚೆನ್ನಾಗಿದ್ದಾನೆ ಅಂತ ಹೇಳೋಕೆ ಶುರು ಮಾಡಿದಳು. ಇದು ಮೋಸವಲ್ಲವಾ ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು. ಹೇಳಿದ ಒಂದೊಂದು ಮಾತೂ ನಿಜವೇ ಇತ್ತು ಅಂತ ನಾನು ಉತ್ತರ ಕೊಟ್ಟೆ. ಈಗಲೂ ಅದೇ ನನ್ನ ಅಭಿಪ್ರಾಯ. ಕರೆ ಬಂದ ದಿನ ಯಾಯಾ ಚೀಲ ಕೆಳಗಿಟ್ಟು ಕೂರುತ್ತಿದ್ದರು. ಕರೆ ತಪ್ಪಿದ ದಿನ ಬಾಗಿಲೇ. ಆಗ ಯಾರಾದರೂ ಒಬ್ಬರು ಚೀಲ ಸಮೇತ ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಸುತ್ತು ನಡೆಸುತ್ತಿದ್ದೆವು, ಜನ ಇದ್ದರೆ. ಜನ ಇಲ್ಲದ ಶಿಫ್ಟ್‌ಗಳೇ ಜಾಸ್ತಿ, ಅದು ಬೇರೆ ದೊಡ್ಡ ವಿಷಯ.

ಫೆಬ್ರವರಿಯಲ್ಲಿ ಡಾಕ್ಟರು ರಿಸ್ಪೆರಿಡೋನ್ ಪ್ರಮಾಣ ಇಳಿಸಿದರು, ಮಾರ್ಚ್‌ನಲ್ಲಿ ನಿಲ್ಲಿಸಿದರು. ತೂಕಡಿಕೆ ಹೋಯಿತು. ಮರೆವು ಎಲ್ಲಿತ್ತೋ ಅಲ್ಲೇ ಇತ್ತು, ಮುಂದಕ್ಕೂ ಹೋಗುತ್ತಿತ್ತು, ಅದನ್ನು ಯಾರೂ ತಡೆಯಲಾರರು.

ಮನೆಯವರ ನಡುವಿನ ಜಗಳ ಮಾತ್ರ ಬಗೆಹರಿಯಲಿಲ್ಲ. ಮೆಲ್ಬರ್ನ್‌ನಲ್ಲಿ ಗ್ರೀಕ್ ಹಿರಿಯರಿಗಾಗಿಯೇ ಫ್ರೋಂದಿಥಾ ಕೇರ್‌ನಂಥ ಸಂಸ್ಥೆಗಳಿವೆ, ಅದು 1977ರಿಂದ ಇದೆ. ಅಲ್ಲಿಗೆ ಸೇರಿಸಬೇಕಿತ್ತು, ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಅಂತ ಮಗನ ವಾದ. ನಮ್ಮ ಹೋಮ್ ಮಗಳ ಮನೆಯಿಂದ ನಡೆದುಹೋಗುವ ದೂರ, ದಿನಾ ನೋಡೋದು ಯಾರು ಅಂತ ಮಗಳ ಪ್ರಶ್ನೆ. ಇದರ ಮೇಲೆ ಚರ್ಚ್‌ನಲ್ಲಿ ಸಿಗುವ ಹೆಂಗಸರು ಮಗಳನ್ನೇ ಕೇಳುತ್ತಿದ್ದರು, ಅಮ್ಮನನ್ನು ಹೊರಗಿಟ್ಟೆಯಾ ಅಂತ. ಮಗನನ್ನು ಯಾರೂ ಕೇಳಲಿಲ್ಲ. ಇದನ್ನು ಓದುತ್ತಿರುವ ಎಷ್ಟು ಜನ ಹೆಣ್ಣುಮಕ್ಕಳಿಗೆ ಇದು ಸ್ವಂತ ಅನುಭವ ಅನ್ನೋದು ನನಗೆ ಗೊತ್ತು.

ನಮ್ಮವರಲ್ಲೂ ಈಗ ಅಪ್ಪ ಅಮ್ಮಂದಿರು ಇಲ್ಲಿ ಬಂದು ನೆಲೆಸುತ್ತಿದ್ದಾರೆ, ಮೊಮ್ಮಕ್ಕಳನ್ನು ಅವರೇ ನೋಡಿಕೊಳ್ಳುತ್ತಾರೆ. ಅವರ ಬಗ್ಗೆ ಬರೆದಿಡಿ, ಈಗಲೇ, ಅವರು ಹೇಳುವ ಸ್ಥಿತಿಯಲ್ಲಿರುವಾಗ. ಹವ್ಯಾಸ, ಇಷ್ಟದ ಬಣ್ಣ ಅಂತಲ್ಲ. ಎಷ್ಟು ಗಂಟೆಗೆ ಏಳುತ್ತಿದ್ದರು, ಯಾಕೆ? ಯಾವ ವಾರ ಒಪ್ಪತ್ತು? ಮಡಿ ಮೈಲಿಗೆ ಇದೆಯಾ, ಸ್ನಾನಕ್ಕೆ ಮುಂಚೆ ತಿನ್ನುತ್ತಾರಾ? ಯಾವ ಕೆಲಸ ಮಾಡಿ ಯಾವ ಕೀಲು ಹೋಗಿದೆ? ಬೇಡ ಅನ್ನೋದು ಹೇಗೆ, ನೋವಾದರೆ ಏನು ಮಾಡುತ್ತಾರೆ? ನಮ್ಮವರು ಹೂಂ ಅಂತ ತಲೆ ಆಚೀಚೆ ತೂಗುತ್ತಾರೆ, ಗೊತ್ತಿಲ್ಲದವರಿಗೆ ಅದು ಬೇಡ ಅಂದ ಹಾಗೆ ಕಾಣುತ್ತದೆ. ಅದನ್ನೂ ಬರೆಯಿರಿ.

ಯಾಯಾ ಯೋಜನೆಯನ್ನು ಕೊನೆಗೆ ಒಂದೇ ಪುಟಕ್ಕೆ ಇಳಿಸಿ ಅಲಮಾರಿನ ಬಾಗಿಲ ಒಳಬದಿಗೆ ಅಂಟಿಸಿದ್ದೆವು. ಏಜೆನ್ಸಿಯಿಂದ ಬರುವ ಹೊಸ ಕೇರರ್‌ಗೆ ಹತ್ತು ಪುಟದ ಫೈಲ್ ಓದಲು ಹೊತ್ತು ಇರೋದಿಲ್ಲ, ಬಟ್ಟೆ ತೆಗೆಯಲು ಅಲಮಾರು ಮಾತ್ರ ತೆರೆದೇ ತೆರೆಯುತ್ತಾರೆ. ಮೇಲಿನ ಸಾಲಿನಲ್ಲಿ ಮೊಮ್ಮಗಳು ಬರೆದ ಚಿತ್ರ, ಗಲ್ಲ ಎತ್ತಿದ ಒಂದು ಮುಖ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬೇಡ ಅಂತ. ಆ ಮಹಡಿಯ ಬೇರೆ ಕೋಣೆಗಳಿಗೂ ಅಂಥ ಪುಟ ಮಾಡುವ ಕೆಲಸ ಈಗ ನಡೆಯುತ್ತಿದೆ. ಮುಂದಿನದು ಒಬ್ಬ ವಿಯೆಟ್ನಾಂ ತಾತನದು, ಅವರ ಮಗಳು ಶನಿವಾರ ಬರುತ್ತಾರೆ.